ಡೇರೆದಾನ ಮೀಮಾಂಸೆ: ಕಣ್ಣು ಪ್ರಕರಣ

ಅಧಿಕಾರ, ಪ್ರಯೋಜನ

ಈ ಶಾಸ್ತ್ರದ ವಿಷಯ ಡೇರೆ ಗೆಡ್ಡೆ. ಅಧಿಕಾರಿಗಳು ಸಾಗರ, ಶಿರಸಿ, ತೀರ್ಥಹಳ್ಳಿ ಸೀಮೆಯ ಗೃಹಿಣಿಯರು. ಗಂಡಸರಿಗೆ ಗುಂಡಿ ತೋಡಿ ಗೊಬ್ಬರ ಹೊರುವಷ್ಟು ಮಾತ್ರ ಅಧಿಕಾರವುಂಟು. ಪ್ರಯೋಜನ: ಕೊಟ್ಟೂ ಕೊಡದಿರುವ ಸಿದ್ಧಿ.

ಪೂರ್ವೇತಿಹಾಸ

ಡೇರೆಯ ತವರು ಮೆಕ್ಸಿಕೋದ ಬೆಟ್ಟಗಳು. ಅಲ್ಲಿಂದ ಸ್ಪೇನಿಗೆ ಹೋದ ಬೀಜದಿಂದ ಬೆಳೆದ ಗಿಡಕ್ಕೆ ಮ್ಯಾಡ್ರಿಡ್ಡಿನ ಸಸ್ಯಶಾಸ್ತ್ರಜ್ಞ ಕವನಿಯೆಸ್ 1791ರಲ್ಲಿ ನಾಮಕರಣ ಮಾಡಿದ. ಯುರೋಪಿನವರು ಇದನ್ನು ಆಲೂಗಡ್ಡೆಯ ಬದಲಿಗೆ ಉಣ್ಣಲೂ ನೋಡಿದರು, ನಾಲಿಗೆ ಒಪ್ಪಲಿಲ್ಲ. ಅಂಗಳದಲ್ಲಿ ನೆಟ್ಟು ಪಕ್ಕದ ಮನೆಯವರ ಹೊಟ್ಟೆ ಉರಿಸಬಹುದೆಂಬ ಉನ್ನತ ಉಪಯೋಗ ಆಮೇಲೆ ಹೊಳೆಯಿತು. 1963ರಲ್ಲಿ ಮೆಕ್ಸಿಕೋ ಇದನ್ನು ರಾಷ್ಟ್ರೀಯ ಹೂವೆಂದು ಸಾರಿತು. ಮಲೆನಾಡಿನವರು ಅಷ್ಟು ಅವಿವೇಕಿಗಳಲ್ಲ. ಸಾರಿದರೆ ಮರುದಿನವೇ ಗೆಡ್ಡೆ ಕೇಳುವವರು ಬರುತ್ತಾರೆ.

ಸೂತ್ರ 1: ಬೀಜ ಬಣ್ಣ ಕೊಡದು

ಭಾಷ್ಯ: ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ. ವರ್ಣತಂತುಗಳ ಎರಡೇ ಸೆಟ್ ಇರುವ ನಮ್ಮ ಮಕ್ಕಳೇ ಹೇಳಿದ ಮಾತು ಕೇಳುವುದಿಲ್ಲ. ತೋಟದ ಡೇರೆಯಲ್ಲಿ ಎಂಟು ಸೆಟ್, ಒಟ್ಟು 64. ಆದ್ದರಿಂದ ಪಕ್ಕದ ಮನೆಯ ಮೆರೂನ್ ಬಣ್ಣ ಬೇಕಾದರೆ ಪಕ್ಕದ ಮನೆಯ ಗೆಡ್ಡೆಯೇ ಆಗಬೇಕು. ನರ್ಸರಿಯಲ್ಲಿ ದುಡ್ಡು ಕೊಟ್ಟರೆ ಮೆರೂನ್ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಪಕ್ಕದ ಮನೆಯದೆಂಬ ಗುಣವಿರುವುದಿಲ್ಲ.

ಸೂತ್ರ 2: ಗೆಡ್ಡೆ ಬೇರೆ, ಕಣ್ಣು ಬೇರೆ

ಭಾಷ್ಯ: ಇದೇ ಶಾಸ್ತ್ರದ ತಿರುಳು. ಸುಗಂಧರಾಜದ ಗೆಡ್ಡೆಯ ಒಳಗೇ ಮೊಳಕೆ ಕೂತಿರುತ್ತದೆ. ಅದನ್ನು ಕೊಟ್ಟವಳು ಗಿಡವನ್ನೂ ಕೊಟ್ಟಂತೆ, ಜಾಣತನಕ್ಕೆ ಎಡೆಯಿಲ್ಲ. ಡೇರೆಯದು ಹಾಗಲ್ಲ. ಅದರ ಗೆಡ್ಡೆ ಉಬ್ಬಿದ ಬೇರು ಅಷ್ಟೆ. ಕಣ್ಣಿರುವುದು ಹಳೆಯ ದಂಟಿನ ಬುಡದಲ್ಲಿ, ಗೆಡ್ಡೆಯ ಕುತ್ತಿಗೆ ಸೇರುವ ಕಡೆ, ಸಾಸಿವೆ ಗಾತ್ರದ ಕೆಂಪು ಉಬ್ಬಾಗಿ. ಬುಡದ ಚೂರು ಸೇರಿಸಿ ಕತ್ತರಿಸಿದರೆ ಗಿಡ. ಕುತ್ತಿಗೆಯ ಕೆಳಗೆ ಮುರಿದರೆ ಗೆಡ್ಡೆ ಮಾತ್ರ. ಮಣ್ಣಿಗೆ ಹಾಕಿದರೆ ಅದು ಎಷ್ಟೋ ದಿನ ಗಟ್ಟಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಬೇರನ್ನೂ ಬಿಡುತ್ತದೆ. ಚಿಗುರುವುದು ಮಾತ್ರ ಇಲ್ಲ.

ಪೂರ್ವಪಕ್ಷ: ‘ಕೊಡುವುದಿಲ್ಲ’ ಎಂದುಬಿಟ್ಟರೆ ಆಗದೆ?

ಆಗದು. ಕೇಳುವವಳು ಹೋದ ವರ್ಷ ಅಪ್ಪೆಮಿಡಿ ಕೊಟ್ಟವಳು, ಬರುವ ವರ್ಷವೂ ಕೊಡಬೇಕಾದವಳು.

ಹಾಗಾದರೆ ‘ಕೊಳೆತುಹೋಯ್ತು ಮಾರಾಯ್ತಿ’ ಎನ್ನಬಹುದಲ್ಲ?

ನಂಬುವಂಥದ್ದೇ. ಡೇರೆಯ ದಂಟು ಟೊಳ್ಳು. ಕೊಯ್ದ ಮೇಲೆ ನೀರು ಇಳಿದರೆ ಬುಡ ಕೊಳೆಯುವುದುಂಟು. ಆದರೆ ಅಟ್ಟದಲ್ಲಿ ಕೊಳೆತದ್ದು ಶ್ರಾವಣದಲ್ಲಿ ಅಂಗಳದಲ್ಲಿ ಅರಳಿ ಮಾನ ಕಳೆಯುತ್ತದೆ.

ಸಿದ್ಧಾಂತ:

“ಅಕ್ಕಯ್ಯ, ಆ ಮೆರೂನ್ ಬಣ್ಣದ್ದು ಒಂದು ಗೆಡ್ಡೆ ಸಿಗಬಹುದಾ?”

“ಅಯ್ಯೋ, ಅದಕ್ಕೆ ಕೇಳಬೇಕೇನೇ! ಒಂದ್ಯಾಕೆ, ನಾಲ್ಕು ತಗೊಂಡು ಹೋಗು.”

ನಾಲ್ಕೂ ದಪ್ಪ, ನಾಲ್ಕೂ ನುಣುಪು, ನಾಲ್ಕನ್ನೂ ತೊಳೆದು ಪೇಪರಿನಲ್ಲಿ ಸುತ್ತಿ ಕೊಟ್ಟದ್ದು. ನಾಲ್ಕಕ್ಕೂ ಕಣ್ಣಿಲ್ಲ. ಕಣ್ಣುಳ್ಳವು ಅಟ್ಟದ ಮೇಲೆ ಒಣ ಮರಳಿನಲ್ಲಿ ಮಲಗಿವೆ. ಇದರಿಂದ ಹೊರಡುವ ನಿಯಮ: ಔದಾರ್ಯ ಸಂಖ್ಯೆಯಲ್ಲಿ ಹೆಚ್ಚಿದಷ್ಟೂ ಕಣ್ಣು ಶಂಕಾಸ್ಪದ. ಒಂದೇ ಗೆಡ್ಡೆಯನ್ನು ಮುಖ ಗಂಟಿಕ್ಕಿಕೊಂಡು ಕೊಟ್ಟರೆ ಅದು ಚಿಗುರುವುದು ನಿಶ್ಚಯ. ಮಳೆ ಹಿಡಿದ ಮೇಲೆ ದಾನಿಯೇ ವಿಚಾರಿಸುತ್ತಾಳೆ: “ಬಂತಾ? ಬರ್ಲಿಲ್ವಾ? ಎಲ್ಲರ ಕೈಗೂ ಡೇರೆ ಹತ್ತೋದಿಲ್ಲ ಬಿಡು.”

ಸೂತ್ರ 3: ಗೆಡ್ಡೆಗೆ ಬೇಲಿಯುಂಟು, ಕುಡಿಗಿಲ್ಲ

ಭಾಷ್ಯ: ಮೋಸಹೋದವಳಿಗೂ ಶಾಸ್ತ್ರ ದಾರಿ ಇಟ್ಟಿದೆ. ಗಿಡ ನಾಲ್ಕು ಜೊತೆ ಎಲೆ ಬಿಟ್ಟಾಗ ಕುಡಿ ಚಿವುಟಿದರೆ ಕವಲು ಹೆಚ್ಚಿ ಹೂವೂ ಹೆಚ್ಚುತ್ತದೆ. ಚಿವುಟಿದ ಕುಡಿಯನ್ನು ನೆರಳಿನಲ್ಲಿ ಒದ್ದೆ ಮರಳಿಗೆ ಚುಚ್ಚಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಹೂವಿನ ಬಣ್ಣವೂ ತಾಯಿಯದೇ. ಆದ್ದರಿಂದ ಆಷಾಢದಲ್ಲಿ ಅರಿಶಿನದೆಲೆ ಕೇಳುವ ನೆವದಲ್ಲಿ ಬಂದು, “ಗಿಡ ಸುಮ್ಮನೆ ಉದ್ದ ಹೋಗ್ತಾ ಇದೆ ಅಕ್ಕಯ್ಯ, ಕುಡಿ ಚಿವುಟಿ ಕೊಡ್ಲಾ?” ಎಂದು ಸೇವೆಗೆ ನಿಲ್ಲಬೇಕು. ಮಾಲು ಸೆರಗಿನ ಗಂಟಿಗೆ. ಕಳವಾದ ಗಿಡದಲ್ಲಿ ಹೂವು ಇನ್ನಷ್ಟು ಹೆಚ್ಚುವುದರಿಂದ ದೂರು ಕೊಡಲು ನಷ್ಟವೇ ಇಲ್ಲ. ಸೇವೆ ಮಾಡಿದವಳಿಗೆ ಒಂದು ಲೋಟ ಕಾಫಿ ಕೊಡಬೇಕಾಗುತ್ತದೆ.

ಫಲಶ್ರುತಿ

ಇದನ್ನು ವೈಶಾಖದಲ್ಲಿ ಓದಿದವರಿಗೆ ಕಣ್ಣಿರುವ ಗೆಡ್ಡೆ ಪ್ರಾಪ್ತಿ. ಆಷಾಢದಲ್ಲಿ ಓದಿದವರಿಗೆ ಕುಡಿ ಪ್ರಾಪ್ತಿ. ಪಕ್ಕದ ಮನೆಯವರಿಗೆ ಓದಿ ಹೇಳಿದವರಿಗೆ ಎರಡೂ ಇಲ್ಲ.