ಆಸನಭೇದ ನಿರ್ಣಯ, ಅಥವಾ ದಂಡು ಪ್ರದೇಶದ ಯಜಮಾನರ ಕುರ್ಚಿ ಎಲ್ಲಿ ಸವೆಯುತ್ತದೆ

ಈ ಶಾಸ್ತ್ರಕ್ಕೆ ಕಾರಣವಾದ ಅವಮಾನವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಇಂದಿರಾನಗರದ ನೂರಡಿ ರಸ್ತೆಯ ಒಂದು ಕಂಪನಿಯವರು ನಾಯಕತ್ವ ತರಬೇತಿ ಎಂದು ನನ್ನನ್ನು ಒಂದು ಇಡೀ ಶನಿವಾರ ಕೂರಿಸಿಕೊಂಡು, ಪಾರ್ಟಿಯಲ್ಲಿ ನೀವು ಮಾತಾಡುತ್ತೀರೋ ಮೂಲೆ ಹಿಡಿಯುತ್ತೀರೋ ಎಂಬಂಥ ಪ್ರಶ್ನೆಗಳಿಗೆ ಟಿಕ್ ಹಾಕಿಸಿ, ಸಂಜೆ 'ಇಎನ್‌ಟಿಜೆ' ಎಂಬ ನಾಲ್ಕಕ್ಷರದ ಚೀಟಿ ಕೊಟ್ಟು ಕಳಿಸಿದರು. ಹುಟ್ಟಾ ಸೇನಾಪತಿ ಎಂದು ಅದರ ಅರ್ಥವಂತೆ. ಮನೆಗೆ ಬಂದು ಎದೆಯುಬ್ಬಿಸಿ ಹೇಳಿದೆ. ನಮ್ಮ ಮನೆಯವಳು ಒಗ್ಗರಣೆ ಸೌಟು ಕೆಳಗಿಟ್ಟು, "ಅಂತೂ ಇಎನ್‌ಟಿಗೆ ತೋರಿಸಿದ್ರಾ? ಕಿವಿ ಮಂದ ಆಗಿದೆ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ" ಎಂದಳು. 'ಜೆ' ಏನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ಪೂರ್ವಪಕ್ಷ. ಮನುಷ್ಯಸ್ವಭಾವವನ್ನು ನಮ್ಮ ವೈದ್ಯರು ವಾತ, ಪಿತ್ತ, ಕಫ ಎಂದು ಮೂರು ಪಾಲು ಮಾಡಿದರು. ಗ್ರೀಕರು ನಾಲ್ಕು ಮಾಡಿದರು. 1921ರಲ್ಲಿ ಯೂಂಗ್ ಮಹಾಶಯರು ಒಂದು ದಪ್ಪ ಗ್ರಂಥ ಬರೆದರು. ಅದನ್ನು ಓದಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಹದಿನಾರು ಮಾಡಿದರು. ಅರವತ್ತು-ನಲವತ್ತರ ಸೈಟು ಒಡೆದು ಮೂವತ್ತು-ನಲವತ್ತಾಗಿ, ಅದೂ ಒಡೆದು ಇಪ್ಪತ್ತು-ಮೂವತ್ತಾದ ಬೆಂಗಳೂರಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ತಾಯಿ-ಮಗಳಿಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಾದವರಲ್ಲ. ಮಗಳು ಬಹುಮಾನ ಗೆದ್ದ ಪತ್ತೇದಾರಿ ಕಾದಂಬರಿ ಬರೆದಿದ್ದರು, ಅದೊಂದು ಅರ್ಹತೆಯೆಂದೇ ನಾನು ಭಾವಿಸುತ್ತೇನೆ. ಆದರೆ ಕೆಲವು ವಾರ ಬಿಟ್ಟು ಅದೇ ಪರೀಕ್ಷೆಗೆ ಕೂತರೆ ಅನೇಕರಿಗೆ ಬೇರೆಯೇ ಅಕ್ಷರ ಬರುತ್ತದೆಂಬ ಆಕ್ಷೇಪ ಹಳೆಯದು. ಪತ್ತೇದಾರಿ ಕಾದಂಬರಿಯಲ್ಲಿ ಕೊನೆಯ ಪುಟಕ್ಕೆ ಬಂದಾಗ ಕೊಲೆಗಾರ ಬದಲಾದರೆ ಓದುಗರು ಸುಮ್ಮನಿರುತ್ತಾರೆಯೇ?

ಸಿದ್ಧಾಂತ ನನಗೆ ದೊರೆತದ್ದು ಶಿವಾಜಿನಗರದಲ್ಲಿ, ಗುಜರಿ ಅಂಗಡಿಗಳ ನಡುವಿನ ಒಂದು ಕುಷನ್ ವರ್ಕ್ಸ್‌ನಲ್ಲಿ. ಸ್ಕೂಟರ್ ಸೀಟು ಹರಿದು ಸ್ಪಂಜು ಕಾಣುತ್ತಿತ್ತು, ಹೊಸ ರೆಕ್ಸಿನ್ ಹಾಕಿಸಲು ಬಿಚ್ಚಿ ತಂದಿದ್ದೆ. ಒಳಗೆ ಆಫೀಸು ಕುರ್ಚಿಗಳ ರಾಶಿ. ಉಸ್ತಾದ್ ಒಂದು ಕುರ್ಚಿಯ ಬಟ್ಟೆ ಸುಲಿದು, ಮೊಳೆಗಳನ್ನು ಇಕ್ಕಳದಲ್ಲಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು.

"ಈ ಓನರ್ ಯಾರೋ ನಂಗೊತ್ತಿಲ್ಲ ಸಾರ್," ಎಂದರು, "ಆದ್ರೆ ಸಾಲ ಇದೆ."

"ಹೇಗೆ ಹೇಳ್ತೀರ ಉಸ್ತಾದ್?"

"ಫೋಮು ನೋಡಿ. ಮುಂದ್ಗಡೆ ನಾಲ್ಕು ಬೆರಳು ಕುಸ್ದೋಗಿದೆ, ಹಿಂದ್ಗಡೆ ಹೊಸದು. ಒಂದಿನಾನೂ ಒರಗಿಲ್ಲ ಪಾಪ. ಬಾಗ್ಲಲ್ಲಿ ನೆರಳು ಕಂಡ್ರೆ ಎದ್ದೇಳೋ ಪಾರ್ಟಿ."

ನಾನು ಬೆವೆತೆ. ಏಕೆಂದರೆ 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫ್ರೀಡ್‌ಮನ್, ರೋಸೆನ್‌ಮನ್ ಎಂಬ ಇಬ್ಬರು ಹೃದಯತಜ್ಞರಿಗೆ ಸದಾ ಅವಸರದಲ್ಲಿರುವವರ ಜಗತ್ಪ್ರಸಿದ್ಧ 'ಎ' ವರ್ಗ ಕಂಡದ್ದೂ ಹೀಗೆಯೇ. ಅವರ ರೋಗಿಗಳು ಕಾಯುವ ಕುರ್ಚಿಗಳು ಮುಂದಿನ ಅಂಚಿನಲ್ಲೇ ಸವೆದಿವೆಯೆಂದು ಮೊದಲು ಗಮನಿಸಿದವನು ಕುರ್ಚಿ ರಿಪೇರಿಯವನು. ಡಾಕ್ಟರುಗಳಿಗೆ ಅದರ ಅರ್ಥ ಹೊಳೆಯಲು ವರ್ಷಗಳೇ ಹಿಡಿದವು. ಮುಂದೆ 'ಎ' ವರ್ಗಕ್ಕೂ ಹೃದಯಾಘಾತಕ್ಕೂ ಹಾಕಿದ ಗಂಟು ಸಡಿಲವಾಯಿತು. ಅಂಚು ಸವೆದದ್ದಂತೂ ಸುಳ್ಳಾಗಲಿಲ್ಲ.

ಆದ್ದರಿಂದ ನನ್ನ ವಿಧಾನ ಸರಳ. ಸವೆತವನ್ನು ಬೆರಳಿನಲ್ಲಿ ಅಳೆಯುವುದು. ಯಜಮಾನ ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯದಿರುವುದು. ಮಾದರಿಯ ಗಾತ್ರ, ಅಂದು ಅಂಗಡಿಯಲ್ಲಿದ್ದ 11 ಕುರ್ಚಿಗಳು. ಒಂದು ಕ್ಷೌರದಂಗಡಿಯದು; ಅದರಲ್ಲಿ ಕೂರುವವನು ಯಜಮಾನನಲ್ಲ, ಬಲಿಪಶು, ಆದಕಾರಣ ಕೈಬಿಡಲಾಗಿದೆ.

ಮೊದಲನೆಯವನು ಅಂಚಾಸನಿ. ಇವನ ಚಕ್ರವರ್ತಿ ವಾಲ್‌ಚಂದ್ ಹೀರಾಚಂದ್. ಹಡಗಿನ ಕಂಪನಿ ಕಟ್ಟಿದ್ದಾಗಿತ್ತು, ಮೋಟಾರು ಕಾರಿನ ಯೋಚನೆ ತಲೆಯಲ್ಲಿತ್ತು. ಅಷ್ಟರಲ್ಲಿ 1939ರ ಪ್ರಯಾಣವೊಂದರಲ್ಲಿ ಅಮೆರಿಕದ ವಿಮಾನ ಕಂಪನಿಯವನೊಬ್ಬನ ಪರಿಚಯವಾಯಿತು. ಬೇರೆಯವರಾದರೆ ವಿಸಿಟಿಂಗ್ ಕಾರ್ಡು ಜೇಬಿಗಿಟ್ಟು ನಿದ್ದೆ ಮಾಡುತ್ತಿದ್ದರು. 1940ರ ಡಿಸೆಂಬರಿಗೆ ಹಲಸೂರಿನಾಚೆಯ ಬಯಲಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಎದ್ದಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟಿತು, ಪಾಲನ್ನೂ ಹಾಕಿತು. 1941ರಲ್ಲೇ ಹಾರ್ಲೋ ಎಂಬ ತರಬೇತಿ ವಿಮಾನ ಜೋಡಿಸಿ ಹಾರಿಸಿದರು. ಆದರೆ ಕುರ್ಚಿಯ ಅಂಚಿನಲ್ಲಿ ಕೂತವನ ಹಿಂದೆ ಜಾಗ ಖಾಲಿ ಇರುತ್ತದಲ್ಲ. 1942ರಲ್ಲಿ ಯುದ್ಧದ ನೆವದಲ್ಲಿ ಭಾರತ ಸರ್ಕಾರ ಬಂದು ಅಲ್ಲಿ ಕೂತಿತು. ಇಂದಿಗೂ ಎದ್ದಿಲ್ಲ. ವಾಲ್‌ಚಂದರು ಅಷ್ಟು ಹೊತ್ತಿಗೆ ವಿಶಾಖಪಟ್ಟಣದ ಹಡಗುಕಟ್ಟೆಯ ಅಂಚಿನಲ್ಲಿದ್ದರು. ಥಟ್ಟನೆ ಏಳುವುದೇ ಇವನ ಬಲ. ಎದ್ದಮೇಲೆ ಏನಾಯಿತೆಂದು ಬೇರೆ ಹೇಳಬೇಕಿಲ್ಲ.

ಎರಡನೆಯವನನ್ನು ನೋಡಲು ರಸೆಲ್ ಮಾರ್ಕೆಟ್ಟಿಗೇ ಹೋಗಬೇಕು. ಇವನ ಆಸನ ರಿಪೇರಿಗೆ ಬರುವುದಿಲ್ಲ. 1933ರಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರು ಉದ್ಘಾಟಿಸಿದ, ದಂಡಿನ ಮುನಿಸಿಪಲ್ ಕಮಿಷನರ್ ರಸೆಲ್‌ರ ಹೆಸರು ಹೊತ್ತ ಈ ಕಟ್ಟಡದೊಳಗೆ ಹಣ್ಣಿನ ವ್ಯಾಪಾರಿ ತನ್ನ ಮಾಲಿನ ನೆತ್ತಿಯ ಮೇಲೆ ಕೂರುತ್ತಾನೆ. ಇವನಿಗೆ ಶಿಖರಾಸನಿ ಎಂದು ಹೆಸರಿಟ್ಟಿದ್ದೇನೆ. ನಾನು ಅರ್ಧ ಗಂಟೆ ಒಬ್ಬನೆದುರು ನಿಂತೆ. ಕಿತ್ತಳೆ ರಾಶಿ ಜಾರದಂತೆ ಎಡಗಾಲನ್ನು ಒಡ್ಡಿ, ಬಲಗೈಯಲ್ಲಿ ತಕ್ಕಡಿ ಹಿಡಿದು, ತೂಗುತ್ತಿದ್ದಂತೆಯೇ ಪಕ್ಕದವನಿಗೆ ದಖನಿಯಲ್ಲಿ ಬೈದು, ಗಿರಾಕಿಗೆ ತಮಿಳಲ್ಲಿ ರೇಟು ಹೇಳಿ, ನನ್ನನ್ನು ಕನ್ನಡದಲ್ಲಿ "ತಗೊಳಲ್ಲ ಅಂದ್ರೆ ಸೈಡಿಗ್ ಬನ್ನಿ ಸಾರ್" ಎಂದು ಸರಿಸಿ, ನೋಟನ್ನು ತೊಡೆಯ ಕೆಳಗಿನ ಗೋಣಿಯಡಿ ತೂರಿಸಿದ. ಒಮ್ಮೆಯೂ ಇಳಿಯಲಿಲ್ಲ. ಖರೀದಿ, ಮಾರಾಟ, ಲೆಕ್ಕಪತ್ರ, ಸಿಬ್ಬಂದಿ, ಭದ್ರತೆ ಎಂಬ ಐದೂ ಇಲಾಖೆ ಅವನ ಕೈಯಳತೆಯಲ್ಲಿವೆ. ಆದರೆ ಆರನೆಯ ಇಲಾಖೆ ಬಂದರೆ ಕೈ ನಿಲುಕದು. ಎರಡನೆಯ ಅಂಗಡಿ ಹಾಕಿದರೆ ಅಲ್ಲಿ ಯಾರು ಹತ್ತಬೇಕು? ಅಣ್ಣನ ಮಗನನ್ನು ಹತ್ತಿಸಿದ್ದನಂತೆ. ಕಿತ್ತಳೆ ರಸ್ತೆವರೆಗೂ ಉರುಳಿತಂತೆ. 2012ರಲ್ಲಿ ಈ ಮಾರ್ಕೆಟ್ಟಿಗೆ ಬೆಂಕಿ ಬಿದ್ದು ಎಷ್ಟೋ ಅಂಗಡಿ ಸುಟ್ಟುಹೋದಾಗಲೂ ಶಿಖರಾಸನಿಗಳು ಮತ್ತೆ ಬಂದು ಹತ್ತಿದರು. ಇಳಿಯಲು ಬಾರದವರ ಹಟ ಅದು, ಮೆಚ್ಚಲೇಬೇಕು.

ಮೂರನೆಯ ಟವೆಲಾಸನಿಯ ಬಗ್ಗೆ ಸಂಕ್ಷೇಪವಾಗಿ. 1948ರಲ್ಲಿ ಕೆ.ಆರ್.ಪುರಂ ದಾರಿಯ ದೂರವಾಣಿನಗರದಲ್ಲಿ ಐಟಿಐ ಎಂಬ ಸರ್ಕಾರಿ ಟೆಲಿಫೋನು ಕಾರ್ಖಾನೆ ಶುರುವಾದ ಮೇಲೆ ಈ ಪೂರ್ವ ಭಾಗಕ್ಕೆ ಸರ್ಕಾರಿ ಸಾಹೇಬರೆಂಬ ಹೊಸ ಯಜಮಾನರು ಬಂದರು. ಸರ್ಕಾರಿ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲು ಇರತಕ್ಕದ್ದು. ಇವರ ಬಗ್ಗೆ ಉಸ್ತಾದರ ಅಭಿಪ್ರಾಯ ಖಡಕ್ಕಾಗಿತ್ತು: "ಟವೆಲ್ ತೆಗೆದ್ರೆ ಚೇರು ಹೊಸದು ಸಾರ್. ನಮ್ ಗಿರಾಕಿನೇ ಅಲ್ಲ." ಸಾಹೇಬರು ಬದಲಾಗುತ್ತಾರೆ, ಟವೆಲು ಬದಲಾಗುತ್ತದೆ, ಕುರ್ಚಿಯ ಮೇಲೆ ಯಾರ ಗುರುತೂ ಉಳಿಯುವುದಿಲ್ಲ. ಊರಿಗೆ ಊರೇ ಮೂರು ಪಾಳಿಯ ಸಂಬಳದಲ್ಲಿ ಮನೆ ಕಟ್ಟಿ ಮಕ್ಕಳನ್ನು ಓದಿಸಿಕೊಂಡದ್ದು ಇಂಥ ಗುರುತಿಲ್ಲದ ಕುರ್ಚಿಗಳ ಕೆಳಗೇ ಎಂಬುದನ್ನೂ ಬರೆದಿಡುತ್ತೇನೆ.

ಕಷ್ಟವಿರುವುದು ನಾಲ್ಕನೆಯ ವರ್ಗದಲ್ಲಿ. ನಿರಾಸನಿಗೆ ಕುರ್ಚಿಯೇ ಇಲ್ಲ. ಶಾಸ್ತ್ರಕ್ಕೆ ಆಧಾರವೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ದಂಡಿನ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರನ್ನು ತೆಗೆದುಕೊಳ್ಳಿ. 1868ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಂಪು ಕಟ್ಟಡ ಇವರ ಗುತ್ತಿಗೆ. ಹದಿನೆಂಟು ಇಲಾಖೆಗಳವರು ಕೂರಲು ಜಾಗ ಕಟ್ಟಿದವರು ತಾವು ಬಿಸಿಲಲ್ಲೇ ನಿಂತಿರಬೇಕೆಂಬುದು ನನ್ನ ಊಹೆ. 1873ರಲ್ಲಿ ಬಡಮಕ್ಕಳಿಗೆ ಶಾಲೆ ತೆರೆದರು. ಆರ್‌ಬಿಎಎನ್‌ಎಂ ಎಂದು ಅವರ ಹೆಸರು, ಬಿರುದುಗಳ ಇನಿಷಿಯಲ್ಲುಗಳು ಇನ್ನೂ ಬೋರ್ಡಿನಲ್ಲಿವೆ. ಅಲ್ಲೂ ಬೆಂಚು ಹಾಕಿಸಿದ್ದು ಬೇರೆಯವರ ಮಕ್ಕಳಿಗೆ.

ಇದೇ ವರ್ಗಕ್ಕೆ ನೂರಡಿ ರಸ್ತೆಯ ಸ್ಟಾರ್ಟಪ್ ಸ್ಥಾಪಕನೂ ಅರ್ಜಿ ಹಾಕಿದ್ದಾನೆ. ನಿಂತು ಕೆಲಸ ಮಾಡುವ ಮೇಜು ತರಿಸಿದ್ದಾನೆ, ಎರಡು ವಾರದ ನಂತರ ಅದರ ಮೇಲೆ ಜಿಮ್ಮಿನ ಟವೆಲು ಒಣಗುತ್ತದೆ. (ಟವೆಲಾಸನಕ್ಕೆ ಇವನು ಜಾರುತ್ತಿರುವ ಲಕ್ಷಣವೇ ಎಂದು ಮುಂದಿನ ಸಂಶೋಧಕರು ನೋಡಲಿ.) ಕೂರುವುದು ಬೀನ್ ಬ್ಯಾಗಿನಲ್ಲಿ. ಒಂದನ್ನು ಉಸ್ತಾದರಿಗೆ ತೋರಿಸಿದೆ. ಅವರು ಗುದ್ದಿದರು, ಗುಳಿ ಬಿತ್ತು, ಕೊಡವಿದರು, ಹೋಯಿತು. "ಇದು ಎಲ್ರ ಮಾತೂ ಕೇಳುತ್ತೆ ಸಾರ್," ಎಂದರು. ಹೂಡಿಕೆದಾರರು ಗುದ್ದಿದ ಕಡೆ ತಗ್ಗಿ, ಅವರು ಎದ್ದುಹೋದ ಮೇಲೆ ಮತ್ತೆ ಉಬ್ಬುವ ಗುಣವನ್ನು ಬಲದ ಕಾಲಂನಲ್ಲಿ ಬರೆಯಬೇಕೋ ಬಲಹೀನತೆಯ ಕಾಲಂನಲ್ಲಿ ಬರೆಯಬೇಕೋ ತೋಚದೆ ನಡುವಿನ ಗೆರೆಯ ಮೇಲೇ ಬರೆದಿದ್ದೇನೆ.

ಇಷ್ಟಾದ ಮೇಲೆ ಗ್ರಂಥಕರ್ತನ ಪರೀಕ್ಷೆಯೂ ಆಗಬೇಕಲ್ಲ. ಉಸ್ತಾದ್ ನನ್ನ ಸ್ಕೂಟರ್ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಲ್ಲಿ ಒತ್ತುತ್ತ ಹೋದರು. ಇಎನ್‌ಟಿಜೆಯ ಚೀಟಿ ಜೇಬಿನಲ್ಲೇ ಇತ್ತು.

"ಡ್ರೈವರ್ ಸೈಡು ಪರ್ವಾಗಿಲ್ಲ ಸಾರ್. ಹಿಂದಿನ ಸೀಟೇ ಪೂರ್ತಿ ಕುಸಿದಿದೆ. ಹಿಂದೆ ಕೂರೋದು ಯಾರು?"

ನಾನು ಮೊಳೆಯ ಡಬ್ಬಿಯನ್ನು ನೋಡುತ್ತ ನಿಂತೆ.

"ಗಾಡಿ ಮೇಡಂ ಓಡಿಸ್ತಾರಾ?" ಎಂದು ಅವರೇ ಕೇಳಿ, ಉತ್ತರಕ್ಕೆ ಕಾಯದೆ, "ಹಿಂದ್ಗಡೆ ಡಬಲ್ ಫೋಮ್ ಹಾಕ್ತೀನಿ ಬಿಡಿ" ಎಂದರು.