ಎಂಟು ಪರ್ಸೆಂಟ್ ಬೆಂಗಳೂರು

ಕರ್ನಾಟಕದ ಮಂತ್ರಿಯೊಬ್ಬರು ಮೈಕ್ ಹಿಡಿದರೆಂದರೆ ‘ಬೀದರಿನಿಂದ ಚಾಮರಾಜನಗರದವರೆಗೆ’ ಅನ್ನದೆ ಕೆಳಗಿಳಿಯುವುದಿಲ್ಲ. ಆ ಲೆಕ್ಕದಲ್ಲಿ ರಾಜ್ಯದ ಭಾಷಣವೆಲ್ಲ ನಮ್ಮಿಂದಲೇ ಶುರು. ಅನುದಾನ ಮಾತ್ರ ನಡುವೆ ಎಲ್ಲೋ ಶುರುವಾಗಿ ಅಲ್ಲೇ ಸುತ್ತಮುತ್ತ ಮುಗಿದುಬಿಡುತ್ತದೆ. ಅದರಲ್ಲೂ ನಮ್ಮ ಎಕಂಬಾ ಇರುವುದು ಬೀದರಿಗಿಂತ ಆಚೆ, ಔರಾದ್ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಬೆನ್ನು ಹಚ್ಚಿಕೊಂಡು. ಮಂತ್ರಿಗಳ ಭಾಷಣ ಶುರುವಾಗುವ ಮೊದಲೇ ನಮ್ಮೂರು ದಾಟಿ ಹೋಗಿರುತ್ತದೆ.

ಇಂಥ ಊರಿನವನಿಗೆ ಶನಿವಾರ, ಭಾನುವಾರ ರಾಜಧಾನಿ ನೋಡಿ ಬರುವ ಆಸೆ ಹುಟ್ಟಬಾರದು. ಹುಟ್ಟಿತು. ಅಕ್ಕನ ಮಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ‘ಬರ್ರಿ ಮಾಮಾ, ಬೆಂಗಳೂರು ನಿಮ್ದೇ ಅದ’ ಅಂದ. ನಮ್ಮದೇ ಆಗಿರುವ ಬೆಂಗಳೂರು ಬೀದರಿನಿಂದ ಹತ್ತಿರ ಹತ್ತಿರ 700 ಕಿಲೋಮೀಟರ್. ನಮ್ಮದಲ್ಲದ ಹೈದರಾಬಾದು 140. ಮದುವೆ ಸೀರೆ, ಮಂಡಿನೋವು, ಮಗನ ಕಾಲೇಜು, ಎಲ್ಲದಕ್ಕೂ ನಾವು ಹೋಗಿ ಇಳಿಯುವುದು ಇಮ್ಲಿಬನ್ ಬಸ್ ನಿಲ್ದಾಣದಲ್ಲಿ. ಅಲ್ಲಿ ಯಾರೂ ‘ಇದು ನಿಮ್ಮದೇ’ ಎಂದು ಹೇಳುವುದಿಲ್ಲ, ಹಾಗಾಗಿ ಬೇಜಾರಾಗುವ ಪ್ರಸಂಗವೂ ಬರುವುದಿಲ್ಲ.

ಶುಕ್ರವಾರ ಸಂಜೆ ರೈಲು ಹತ್ತಿ, ಶನಿವಾರ ಯಶವಂತಪುರದಲ್ಲಿ ಇಳಿದು, ಮೆಟ್ರೊ ಹಿಡಿದು ಅಳಿಯನ ಅಪಾರ್ಟ್‌ಮೆಂಟಿನ ಗೇಟಿಗೆ ಮುಟ್ಟಿದೆ. ಮೈಮೇಲೆ ಧೋತರ, ತಲೆಮೇಲೆ ಬಿಳಿ ಟೋಪಿ, ಕೈಯಲ್ಲಿ ಎರಡು ಚೀಲ: ಒಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಹೊಲದ ತೊಗರಿಬೇಳೆ. ಗೇಟಿನ ಹುಡುಗನ ಕೈಯಲ್ಲಿ ಟ್ಯಾಬ್. ಅದರಲ್ಲಿ ಮನುಷ್ಯರನ್ನು ನಾಲ್ಕೇ ಜಾತಿ ಮಾಡಿಟ್ಟಿದ್ದಾರೆ: ಗೆಸ್ಟ್, ಡೆಲಿವರಿ, ಕ್ಯಾಬ್, ಮನೆಗೆಲಸ. ಬಸವಣ್ಣನವರ ಜಿಲ್ಲೆಯಿಂದ ಹೋದವನಿಗೆ ಇಷ್ಟು ಸಲೀಸಾಗಿ ಜಾತಿ ಗುರುತಿಸುವ ಯಂತ್ರ ಕಂಡು ಗಾಬರಿಯಾಯಿತು. ಹುಡುಗ ನನ್ನ ಟೋಪಿ ನೋಡಿದ, ಚೀಲ ನೋಡಿದ, ‘ಡೆಲಿವರಿ’ ಒತ್ತಿದ. ಮೀಟಿಂಗಿನಲ್ಲಿದ್ದ ಅಳಿಯ ಫೋನ್ ನೋಡದೆಯೇ ‘ಗೇಟಿನಲ್ಲೇ ಇಟ್ಟು ಹೋಗಿ’ ಎಂದು ಒತ್ತಿದನಂತೆ.

ಹೀಗೆ ನನ್ನನ್ನು ಗೇಟಿನಲ್ಲೇ ಇಡಲಾಯಿತು. ಪಕ್ಕದಲ್ಲಿ ಯಾರೋ ತರಿಸಿದ ಬಿರಿಯಾನಿ ಇತ್ತು. ಅದನ್ನು ಮೊದಲು ಒಳಗೆ ಕರೆದುಕೊಂಡರು.

ಹುಡುಗನಿಗೆ ನಾನು ನನ್ನ ಕನ್ನಡದಲ್ಲಿ, ‘ತಮ್ಮಾ, ನಮ್ಮ ಅಕ್ಕನ ಮಗಾ ಇಲ್ಲೇ ಅದಾನ್ರಿ’ ಎಂದೆ. ಅವನು ಹಿಂದಿಯಲ್ಲಿ ಉತ್ತರಿಸಿದ. ಕೊನೆಗೆ ನಾನು ನಮ್ಮ ಬೀದರಿನ ದಖನಿಗೆ ಇಳಿದೆ. ‘ಹಮಾರಾ ಭಾಂಜಾ ಹೈ ಬೇಟಾ’ ಅಂದಕೂಡಲೇ ಕುರ್ಚಿ ಬಂತು, ನೀರು ಬಂತು. ಕನ್ನಡನಾಡಿನ ರಾಜಧಾನಿಯಲ್ಲಿ ನನ್ನ ಮಾನ ಕಾಪಾಡಿದ್ದು ನಿಜಾಮ ಬಿಟ್ಟುಹೋದ ಭಾಷೆ. 1948ರ ಸೆಪ್ಟೆಂಬರ್ 17ಕ್ಕೆ ಅವನ ಆಳ್ವಿಕೆ ಮುಗಿಯಿತೆಂದು ನಾವು ಪ್ರತಿವರ್ಷ ಧ್ವಜ ಹಾರಿಸುತ್ತೇವೆ. ಬೆಂಗಳೂರಿಗೆ ಹೋಗುವಾಗ ಅವನನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಸಂಜೆ ಅಳಿಯನ ಗೆಳೆಯರು ಬಂದರು. ಒಬ್ಬ ಕೇಳಿದ, ‘ಅಂಕಲ್, ಬೀದರ್ ಮಹಾರಾಷ್ಟ್ರದಲ್ಲಿ ಅಲ್ವಾ?’ ಇನ್ನೊಬ್ಬ ಅವನನ್ನು ತಿದ್ದಿದ, ‘ಇಲ್ಲ ಕಣೋ, ತೆಲಂಗಾಣ.’ ಮೂರನೆಯವನು ಬಹಳ ಸಭ್ಯ. ‘ಆದ್ರೂ ಅಂಕಲ್ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತಾರೆ!’ ಎಂದು ಮೆಚ್ಚಿದ. ಬೀದರ್ ಜಿಲ್ಲೆ ಈ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ವಿಧಾನಸೌಧ ಕಟ್ಟಿ ಮುಗಿದದ್ದೂ ಅದೇ ವರ್ಷ. ಕಟ್ಟಡದ ವಿಳಾಸ ಎಲ್ಲರಿಗೂ ಗೊತ್ತಾಗಿದೆ. ಜಿಲ್ಲೆಯದು ಇನ್ನೂ ಹುಡುಕಾಟದಲ್ಲಿದೆ.

ಪೇಟೆ ತಿರುಗಾಡಿದೆ. ಅಂಗಡಿಯ ಬೋರ್ಡುಗಳನ್ನೆಲ್ಲ ಓದಿ ಸಂತೋಷವಾಯಿತು. 2023ರ ಡಿಸೆಂಬರಿನ ಬೋರ್ಡು ಗಲಾಟೆಯ ನಂತರ ಕಾನೂನು ತಿದ್ದಿ, ಬೋರ್ಡಿನಲ್ಲಿ ಶೇ 60 ಕನ್ನಡ ಕಡ್ಡಾಯ ಮಾಡಿದ್ದಾರಲ್ಲ. ಇಂಗ್ಲಿಷ್ ಹೆಸರುಗಳೆಲ್ಲ ಕನ್ನಡ ಲಿಪಿಯ ಅಂಗಿ ತೊಟ್ಟು ನಿಂತಿದ್ದವು. ಒಳಗೆ ಹೋಗಿ ‘ಒಂದು ಚಾ ಕೊಡ್ರಿ’ ಅಂದರೆ ಬಾಕಿ ಶೇ 40ರವರು ಮಾತ್ರ ಇದ್ದರು.

ಆಗ ನೆನಪಾದವರು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮನ ಕಾಲದಲ್ಲಿ ಕನ್ನಡ ಕಲಿಸುವುದೇ ಕಷ್ಟವಿದ್ದಾಗ ಅವರು ಶಾಲೆಯ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಭಾಗದ ಅಜ್ಜಂದಿರು ಅಕ್ಷರ ತಿದ್ದಿದ್ದು ಹಾಗೆ. ಬೆಂಗಳೂರಿನವರೂ ಅದೇ ಉಪಾಯ ಹಿಡಿದಿದ್ದಾರೆ, ಸ್ವಲ್ಪ ತಿರುವುಮುರುವು ಮಾಡಿ: ಹೊರಗೆ ಕನ್ನಡದ ಬೋರ್ಡು, ಒಳಗೆ ಉಳಿದದ್ದೆಲ್ಲ. ಪಟ್ಟದ್ದೇವರಿಗೆ ಹೆದರಿಕೆ ಇದ್ದದ್ದು ನಿಜಾಮನ ಪೊಲೀಸರದು. ಇಲ್ಲಿನವರಿಗೆ ಇರುವುದು ಇಂಗ್ಲಿಷ್ ಬೋರ್ಡಿಗೆ ಬಳಿಯುವ ಕಪ್ಪು ಮಸಿ ಡಬ್ಬಿಯದು. (ಮಸಿ ಡಬ್ಬಿ ಹಿಡಿದವರು ನಮ್ಮ ಗಡಿಯ ಕನ್ನಡ ಶಾಲೆಗಳ ಮಾಸ್ತರರ ಖಾಲಿ ಹುದ್ದೆಗಳ ಮೇಲೂ ಒಮ್ಮೆ ಬಳಿದರೆ ಉಪಕಾರವಾದೀತು.)

ಧೋತರದ ವಿಷಯಕ್ಕೆ ಬರುತ್ತೇನೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆಮೇಲೆ ಗಂಟು ಹೊತ್ತ ರೈತನನ್ನು, ಬಟ್ಟೆ ಕೊಳೆಯಾಗಿದೆಯೆಂದು ಒಳಗೆ ಬಿಡಲಿಲ್ಲ. ಜೊತೆಯ ಪ್ರಯಾಣಿಕರು ಜಗಳಕ್ಕೆ ನಿಂತು ಒಳಗೆ ಕರೆದೊಯ್ದರು. ತಡೆದ ಸಿಬ್ಬಂದಿಯ ಕೆಲಸ ಹೋಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಸದನದಲ್ಲಿ ಗದ್ದಲವೆದ್ದು ಮಾಲ್‌ಗೆ ವಾರ ಬೀಗ ಬಿತ್ತು. ಪಂಚೆ ಉಟ್ಟೇ ವಿಧಾನಸೌಧ ನಡೆಸುವ ನಾಡಿನಲ್ಲಿ ಪಂಚೆಗೆ ಮಾಲ್ ಪ್ರವೇಶ ಕೊಡಿಸಲು ಇಡೀ ಸರ್ಕಾರವೇ ಬೇಕಾಯಿತು.

ಅವರಿಬ್ಬರ ಪುಣ್ಯದಿಂದ ನನಗೆ ರಾಜಮರ್ಯಾದೆ. ಧೋತರ ಕಂಡೊಡನೆ ಮಾಲ್‌ನ ಕಾವಲಿನವನು ನೆಟ್ಟಗೆ ನಿಂತ. ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ಯಾರಾದರೂ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದಾರಾ ಎಂದು ನೋಡಿದ. ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ಚೀಲ ಬಿಚ್ಚಲು ಹೇಳಿದ.

ಮೆಟ್ರೊದಲ್ಲಿ ಬಹಳ ಕೂರಬಾರದು, ಲೆಕ್ಕ ತಲೆಗೇರುತ್ತದೆ. ‘ಶಕ್ತಿ’ ಯೋಜನೆಯಲ್ಲಿ ನನ್ನ ಹೆಂಡತಿ ಆಧಾರ್ ತೋರಿಸಿ ಸಾದಾ ಬಸ್ಸುಗಳಲ್ಲಿ ಔರಾದಿನಿಂದ ಬೆಂಗಳೂರಿನವರೆಗೂ ಸೊನ್ನೆ ರೂಪಾಯಿಗೆ ಬರಬಹುದು. ಬಂದಮೇಲೆ ಊರಿನ ಈ ತುದಿಯಿಂದ ಆ ತುದಿಗೆ ಮೆಟ್ರೊ ಹತ್ತಿದರೆ 90 ರೂಪಾಯಿ. 2025ರ ಫೆಬ್ರುವರಿಗೆ ಮೊದಲು ಅದೇ ದಾರಿಗೆ 60 ಇತ್ತು. ಬೆಂಗಳೂರಿಗೆ ಬರುವುದು ಪುಕ್ಕಟೆ, ಬೆಂಗಳೂರಿನಲ್ಲಿ ಇರುವುದಕ್ಕೆ ರೊಕ್ಕ.

ಅಪಾರ್ಟ್‌ಮೆಂಟಿನ ಹಿಂದೆ ಇನ್ನೊಂದು ಕಟ್ಟಡ ಏಳುತ್ತಿತ್ತು. ತಗಡಿನ ಶೆಡ್ಡಿನ ಮುಂದೆ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳಿ ನಿಂತೆ. ಯಾದಗಿರಿ ಕಡೆಯವರು. ಬೆಂಗಳೂರಿನಲ್ಲಿ ‘ಯಾವ ಊರ್ರಿ ಯಪ್ಪಾ, ಉಂಡ್ರ್ಯಾ?’ ಎಂದು ಕೇಳಿದವರು ಅವರೇ. ಕಲ್ಯಾಣ ಕರ್ನಾಟಕವನ್ನು ಹುಡುಕಿಕೊಂಡು ನಮ್ಮ ಕಡೆ ಬರಬೇಕಾದ್ದಿಲ್ಲ, ಅದು ರಾಜಧಾನಿಯಲ್ಲೇ ಸಿಮೆಂಟು ಹೊರುತ್ತಿದೆ. 2019ರಲ್ಲಿ ನಮ್ಮ ಭಾಗದ ಹೆಸರಿನಿಂದ ‘ಹೈದರಾಬಾದ್’ ತೆಗೆದು ‘ಕಲ್ಯಾಣ’ ಇಟ್ಟರಲ್ಲ, ಆ ಹೊಸ ಹೆಸರಿನ ಸುದ್ದಿ ತಗಡಿನ ಶೆಡ್ಡಿಗೆ ಇನ್ನೂ ಮುಟ್ಟಿದ ಹಾಗಿರಲಿಲ್ಲ.

ಭಾನುವಾರ ವಿಧಾನಸೌಧ. 2025ರ ಜೂನ್‌ನಿಂದ ರಜಾದಿನಗಳಲ್ಲಿ ಜನಸಾಮಾನ್ಯರಿಗೆ ಒಳಗೆ ತೋರಿಸುತ್ತಾರೆ. ಟಿಕೆಟ್ 50 ರೂಪಾಯಿ. ನಾವು ಓಟು ಹಾಕಿ ಕಳಿಸಿದವರು ಒಳಗೆ ಹೋಗಲು ಸಂಬಳ ಪಡೆಯುತ್ತಾರೆ. ಓಟು ಹಾಕಿದವರು ಹೋಗಲು ಟಿಕೆಟ್ ತೆಗೆಯುತ್ತಾರೆ. ಕಟ್ಟಡದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಅಂದು ದೇವರಿಗೆ ರಜೆ. ಉದ್ದನೆಯ ಮೊಗಸಾಲೆ, ಮುಚ್ಚಿದ ಬಾಗಿಲು. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಪಟ್ಟಿ ಮಾಡಿದ 114 ತಾಲ್ಲೂಕುಗಳಲ್ಲಿ ನಮ್ಮ ಔರಾದೂ ಒಂದು. ಆ ವರದಿ ಯಾವ ಬಾಗಿಲ ಹಿಂದೆ ಮಲಗಿದೆ, ತೋರಿಸಿರಿ ಎಂದು ಗೈಡ್‌ಗೆ ಕೇಳಿದೆ. ‘ಅದು ನಮ್ಮ ಟೂರಿನಲ್ಲಿ ಇಲ್ಲ ಸಾರ್’ ಎಂದ.

ಊರಿಗೆ ಬಂದು ಒಂದು ಅರ್ಜಿ ಬರೆದಿದ್ದೇನೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ರಾಜ್ಯಮಟ್ಟದ ಸರ್ಕಾರಿ ಹುದ್ದೆಗಳಲ್ಲಿ ನಮ್ಮ ಭಾಗದವರಿಗೆ ಶೇ 8 ಮೀಸಲು ಇದೆ. ಹುದ್ದೆ ಭರ್ತಿಯಾದಾಗ ಆಗಲಿ, ಅಲ್ಲಿಯವರೆಗೆ ವಿಧಾನಸೌಧದ ಟಿಕೆಟಿನಲ್ಲಾದರೂ ಅದೇ ಶೇ 8 ಜಾರಿಯಾಗಬೇಕು, ಅಂದರೆ ಎಕಂಬಾದಿಂದ ಬಂದವನಿಗೆ 4 ರೂಪಾಯಿ ಮಾಫ್ ಆಗಬೇಕು ಎಂದು ಕೇಳಿದ್ದೇನೆ. ಅರ್ಜಿಯನ್ನು ಬೆಂಗಳೂರಿಗೇ ಬಂದು ಖುದ್ದಾಗಿ ಕೊಡಬೇಕಂತೆ. ಶನಿವಾರ, ಭಾನುವಾರ ತೆಗೆದುಕೊಳ್ಳುವುದಿಲ್ಲವಂತೆ.