ಕೈಗೆ ಬಂದ ನೋಟು

ಬೆಳಿಗ್ಗೆ ದಾಸವಾಳ ಬಿಡಿಸುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ರಾಯರು ಕೇಳಿದರು: "ನಿಮ್ಮನೆಗೆ ಬಂದ ಪ್ಲಂಬರು ಕ್ಯಾಶೇ ಬೇಕು ಅಂದನಂತೆ?"

ನಿಜ. ಸಂಪಿನ ಬಾಲ್‌ವಾಲ್ವ್ ಕೆಟ್ಟು ಎರಡು ದಿನ ನೀರೆಲ್ಲ ಚರಂಡಿ ಪಾಲಾಗಿತ್ತು. ಹುಡುಗ ಮುಕ್ಕಾಲು ಗಂಟೆಯಲ್ಲಿ ಸರಿಮಾಡಿದ. ಸಾಮಾನು ಬಿಟ್ಟು ಕೂಲಿ ಒಂಬೈನೂರು. ನಾನು ಫೋನ್ ತೆಗೆದೆ. ಅವನು ಕೈ ಒರೆಸಿಕೊಳ್ಳುತ್ತಾ, "ನೋಟಿದ್ರೆ ಕೊಡಿ ಸಾರ್, ಇಲ್ದಿದ್ರೆ ಫೋನ್‌ಪೇನೇ ಮಾಡಿ" ಅಂದ. ಅಂದ ರೀತಿಯಲ್ಲೇ ನೋಟು ಅವನಿಗೆ ಎಷ್ಟು ಬೇಕಾಗಿತ್ತೆಂದು ತಿಳಿಯುತ್ತಿತ್ತು.

"ಎಲ್ಲಾ ತೆರಿಗೆ ತಪ್ಪಿಸೋಕೆ" ಅಂದರು ರಾಯರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಲೆಕ್ಕ ಹೇಳಿದರೆ ಕೇಳುತ್ತಾರೆ. ಹೇಳಿದೆ. ಅವನಿಗೆ ದಿನಕ್ಕೆ 1,500 ರೂಪಾಯಿ, ತಿಂಗಳಲ್ಲಿ 25 ದಿನ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕೂವರೆ ಲಕ್ಷ. ಸೇವೆ ಒದಗಿಸುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ದುಡಿಮೆಗೆ ಆದಾಯ ತೆರಿಗೆಯೂ ಇಲ್ಲ. ಇಲ್ಲದ ತೆರಿಗೆಯನ್ನು ಅವನು ತಪ್ಪಿಸುವುದೆಲ್ಲಿಂದ ಬಂತು ರಾಯರೇ?

ಹಾಗಾದರೆ ನೋಟೇ ಯಾಕೆ? ಕಾಫಿ ಕುಡಿಯುತ್ತಾ ಆ ಹುಡುಗನನ್ನೇ ಕೇಳಿದ್ದೆ. "ಖಾತೆಗೆ ಬಿದ್ದ ದುಡ್ಡು ನಮ್ದಲ್ಲ ಸಾರ್" ಅಂದ. ಗಾಡಿ ಸಾಲದ್ದೊಂದು ಕಂತು, ಫೋನಿನದೊಂದು. ತಾರೀಖು ಬಂದರೆ ಖಾತೆಯಲ್ಲಿದ್ದಷ್ಟನ್ನು ಅವೇ ಎಳೆದುಕೊಳ್ಳುತ್ತವೆ. ಸಾಲದೆ ಹೋದರೆ ದಂಡ ಬೇರೆ. ಆ ಒಂಬೈನೂರರಲ್ಲಿ ನಾನೂರು ಹೆಲ್ಪರ್‌ಗೆ ಅವತ್ತೇ ಸಂಜೆ ಹೋಗಬೇಕು. ಹೆಲ್ಪರ್ ಮನೆಗೆ ಅಕ್ಕಿ ತರುವುದು ಆ ದುಡ್ಡಿನಿಂದ. ಮಾರನೇ ದಿನ ಬೆಳಿಗ್ಗೆ ಈ ಹುಡುಗನ ಹೆಂಡತಿಯ ಸಂಘದ ಕಂತು. ಹೆಂಗಸರೆಲ್ಲ ಒಂದು ಮನೆಯ ಜಗಲಿಯಲ್ಲಿ ಕೂತು ನೋಟು ಎಣಿಸಿ ಕಟ್ಟುತ್ತಾರೆ. ಖಾತೆಯಿಂದ ತೆಗೆಯೋಣವೆಂದರೆ ಎಟಿಎಂ ಹೆಚ್ಚಾಗಿ ಕೊಡುವುದು ಐನೂರರ ನೋಟನ್ನೇ, ನಾನೂರನ್ನು ಅದರಿಂದ ಹಂಚುವುದು ಹೇಗೆ? ತಿಂಗಳ ಉಚಿತ ಸರದಿ ಮುಗಿದ ಮೇಲೆ ಪ್ರತಿ ಸಲಕ್ಕೆ 23 ರೂಪಾಯಿಯವರೆಗೂ ಶುಲ್ಕ ಮುರಿಯಬಹುದು. ಸಂಬಳದವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ಅವನಿಗೆ ಅದು ಒಂದು ಹೊತ್ತಿನ ಟೀ, ಬನ್ನು.

ಗಾರೆ ಕೆಲಸದವರಲ್ಲಿ ನೋಟಿನ ಈ ಅಗತ್ಯ ಇನ್ನೂ ಗಟ್ಟಿ. ವಾರದ ಬಟವಾಡೆಯ ಸಂಜೆ ಮೇಸ್ತ್ರಿಯ ಸುತ್ತ ಹತ್ತು ಹದಿನೈದು ಜನ ನಿಂತಿರುತ್ತಾರೆ, ಅವರಲ್ಲಿ ಹಲವರು ರಾಯಚೂರು, ಯಾದಗಿರಿ ಕಡೆಯಿಂದ ಗಂಡ ಹೆಂಡತಿ ಜೊತೆಯಾಗಿ ಬಂದವರು. ಹೆಣ್ಣಾಳಿನ ಕೂಲಿ ಗಂಡನ ಖಾತೆಗೆ ಹೋದರೆ ಅವಳ ಕೈಗೆ ಎಷ್ಟು ಬರುತ್ತದೆ? ನೋಟಾಗಿ ಅವಳ ಅಂಗೈಗೇ ಬಿದ್ದರೆ ಸೆರಗಿನ ಗಂಟಿಗೆ ಹೋಗುತ್ತದೆ, ಮಕ್ಕಳ ಹೊಟ್ಟೆಗೂ ಹೋಗುತ್ತದೆ. ಈ ಒಂದು ಕಾರಣ ಸಾಕು ನನಗೆ.

ರಾಯರು ಸುಮ್ಮನಾಗಲಿಲ್ಲ. "ಹಾಗಾದ್ರೆ ಹೋದ ವರ್ಷ ಬೆಂಗಳೂರಿನ ಬೇಕರಿಯೋರು ಸ್ಕ್ಯಾನರ್ ಕಿತ್ತುಹಾಕಿದ್ದು ಯಾಕೆ?" ಅಂದರು. 2025ರ ಜುಲೈನ ಸಂಗತಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು, 2021-22ರಿಂದ ನಾಲ್ಕು ವರ್ಷದ್ದನ್ನು ಕೂಡಿಸಿ, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರಿಗೆ ಮಿತಿ 40 ಲಕ್ಷ. ಅದನ್ನು ದಾಟಿದ್ದವರು ನೋಂದಣಿ ಮಾಡಿಸಬೇಕಿತ್ತು, ಅದು ಕಾನೂನು. ಆದರೆ ಸ್ಕ್ಯಾನರ್‌ಗೆ ಬಂದದ್ದೆಲ್ಲ ವ್ಯಾಪಾರವೇ ಅಲ್ಲ, ಕೈಸಾಲವೂ ಮನೆಯವರ ದುಡ್ಡೂ ಅದರಲ್ಲಿದೆ ಎಂದು ವ್ಯಾಪಾರಿಗಳು ಗೋಳಾಡಿದರು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಅಷ್ಟರಲ್ಲಿ ಹೆದರಿಕೆ ಹರಡಿಯಾಗಿತ್ತು. ವರ್ಷಕ್ಕೆ ನಾಲ್ಕು ಲಕ್ಷ ಕಾಣದ ಬಡಗಿಯೂ 'ಫೋನಿಗೆ ಬಂದದ್ದನ್ನೆಲ್ಲ ಯಾರೋ ಬರೆದಿಡ್ತಾರೆ' ಎಂದುಕೊಂಡ. ಇನ್ನೊಂದು ಹೆದರಿಕೆಯೂ ಇದೆ. ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಇಲ್ಲ. ನಿಯಮ ಪೂರ್ತಿ ಗೊತ್ತಿಲ್ಲದವರು ಖಾತೆಯಲ್ಲಿ ದುಡ್ಡು ಓಡಾಡಿದರೇ ಆ ಹಣ ನಿಲ್ಲುತ್ತದೆ, ರೇಷನ್ ಕಾರ್ಡೂ ಹೋಗುತ್ತದೆ ಎಂದು ನಂಬುತ್ತಾರೆ. ಅವರಿಗೆ ಕನ್ನಡದಲ್ಲಿ, ಬೀದಿಯಲ್ಲಿ ನಿಂತು, ಮಿತಿ ಎಷ್ಟೆಂದು ಬಿಡಿಸಿ ಹೇಳಬೇಕಾದದ್ದು ಇಲಾಖೆಯ ಕೆಲಸ. ನೋಟಿಸಿಗೆ ಮೊದಲೇ ಆಗಬೇಕಿದ್ದ ಕೆಲಸ.

ನೋಟು ಕೇಳುವವರೆಲ್ಲ ಬಡವರೆಂದು ನಾನು ಹೇಳುತ್ತಿಲ್ಲ. ಮನೆ ಕಟ್ಟಿಕೊಡುವ ಗುತ್ತಿಗೆದಾರ ಬಿಲ್ ಇಲ್ಲದೆ ಲಕ್ಷಗಟ್ಟಲೆ ನೋಟಿನಲ್ಲೇ ಕೊಡಿ ಅಂದರೆ ಅದು ಬೇರೆಯೇ ಮಾತು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವುದನ್ನು 2017ರ ಏಪ್ರಿಲ್‌ನಿಂದ ಕಾನೂನೇ ತಡೆದಿದೆ. ಬಿಲ್ ಇಲ್ಲದಿದ್ದರೆ ನಾಳೆ ತಾರಸಿ ಸೋರಿದಾಗ ಕೇಳುವುದಕ್ಕೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅಂಥವರಿಗೆ ಚೆಕ್ಕೇ ಕೊಡಿ, ರಸೀದಿ ಕೇಳಿ ಪಡೆಯಿರಿ. ಅವರ ಲೆಕ್ಕವನ್ನು ಒಂಬೈನೂರರ ಹುಡುಗನ ತಲೆಗೆ ಕಟ್ಟಬೇಡಿ.

ರಾಯರು ಹೂವಿನ ಬುಟ್ಟಿ ಇಸಕೊಂಡು ಒಳಗೆ ಹೋದರು. ಮಾತು ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪ್ಲಂಬರನ್ನೋ ಬಡಗಿಯನ್ನೋ ಕರೆಯುವ ದಿನ ನೂರು, ಇನ್ನೂರರ ನಾಲ್ಕು ನೋಟು ಮೊದಲೇ ತಂದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ "ಹೇಗೆ ಕೊಡಲಪ್ಪ?" ಅಂತ ಕೇಳಿ. ಅವನು ಹೇಳಿದ ಹಾಗೆ, ಅವತ್ತೇ ಕೊಡಿ.